ಬಾಂದ್ರಾದ ಕಚೇರಿ, ಸವದತ್ತಿಯ ಎರೆಹೊಲ: ಒಂದು ಟ್ರ್ಯಾಕ್ಟರ್ ಸಾಲದ ಚರಿತ್ರೆ

ಇದು ಈ ವಾರದ ಮಾತಿನ ಬರಹರೂಪ. ಮಾತಾಡುವಾಗ ಬಿಟ್ಟುಹೋದ ಒಂದೆರಡು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ. ಓದುವವರಿಗೆ ಅನುಕೂಲ ಆಗಲಿ ಅಂತ ನಡುನಡುವೆ ತಲೆಬರಹ ಕೊಟ್ಟಿದ್ದೇನೆ.

ಹೋದ ತಿಂಗಳು ಊರಿಂದ ಫೋನ್ ಬಂತು. ನಮ್ಮ ಕಾಕಾನ ಮಗ. "ಅಣ್ಣಾ, ಟ್ರ್ಯಾಕ್ಟರ್ ತಗೋಬೇಕಂತ ಮಾಡೇನಿ. ನೀ ಜಾಮೀನು ನಿಲ್ಲತೀಯೇನು?" ಅಂದ. ನಾನಿರುವುದು ಮುಂಬೈಯ ಬಾಂದ್ರಾ ಪೂರ್ವದಲ್ಲಿ. ಅವನಿರುವುದು ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯ ಎರೆಭೂಮಿಯಲ್ಲಿ. ಅವನ ಪಾಲಿಗೆ ಈಗ ಉಳಿದಿರುವುದು ಆರು ಎಕರೆ. ಹಿಂದೆ ಅದು ಹತ್ತಾಗಿತ್ತು. ಹೋದ ನಾಲ್ಕು ಎಕರೆ ಹೋದದ್ದು ಟ್ರ್ಯಾಕ್ಟರಿನ ಸಾಲಕ್ಕೇ.

ನಾನು ತಕ್ಷಣ "ಹೂಂ" ಅನ್ನಲಿಲ್ಲ, "ಊಹೂಂ" ಅಂತಲೂ ಅನ್ನಲಿಲ್ಲ. "ಎರಡು ವಾರ ತಾಳು ತಮ್ಮಾ" ಅಂದೆ. ಆ ಎರಡು ವಾರ ಓದಿದ್ದು, ಹಳೆಯ ಕಾಗದ ತೆಗೆದು ನೋಡಿದ್ದು, ಲೆಕ್ಕ ಹಾಕಿದ್ದು, ಅದೇ ಈ ಮಾತು.

ಮನೆಯ ಪಕ್ಕದ ಕಟ್ಟಡ

ಬಾಂದ್ರಾ ಅಂದರೆ ಹೊರಗಿನವರಿಗೆ ಸಿನಿಮಾ ನಟರ ಬಂಗಲೆ, ಬ್ಯಾಂಡ್‌ಸ್ಟ್ಯಾಂಡ್, ಲಿಂಕಿಂಗ್ ರೋಡಿನ ಅಂಗಡಿ ಸಾಲು ಇಷ್ಟೇ ನೆನಪಾಗುತ್ತದೆ. ಆದರೆ ಇದು ಮೂಲದಲ್ಲಿ ಒಕ್ಕಲುತನದ ಊರು. ರಾನ್ವಾರ್, ಪಾಲಿ, ಚುಯಿಮ್, ಶೆರ್ಲಿ, ರಾಜನ್ ಅಂತ ಸಣ್ಣ ಸಣ್ಣ ಹಳ್ಳಿಗಳ ಗುಂಪು. ಇಲ್ಲಿಯ ಜನ ಅವನ್ನು ಪಾಖಾಡಿ ಅನ್ನುತ್ತಾರೆ. ಈಸ್ಟ್ ಇಂಡಿಯನ್ ಕುಟುಂಬಗಳು ಅಲ್ಲಿ ಭತ್ತ, ತರಕಾರಿ ಬೆಳೆಯುತ್ತಿದ್ದರು. ಈಗ ಆ ಹೆಸರುಗಳು ಓಣಿಯ ಹೆಸರಾಗಿ ಉಳಿದಿವೆ. ಗದ್ದೆಯ ಮೇಲೆ ಕಟ್ಟಡ ನಿಂತಿದೆ.

ಪೂರ್ವಕ್ಕೆ ಬಂದರೆ ಮಿಠಿ ನದಿಯ ಜೌಗು ನೆಲ. 1970ರ ದಶಕದ ಕೊನೆಯಿಂದ ಅದನ್ನು ತುಂಬಿ ಎಬ್ಬಿಸಿದ್ದೇ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್. ಬ್ಯಾಂಕು, ವಜ್ರದ ವ್ಯಾಪಾರ, ಷೇರು ಮಾರುಕಟ್ಟೆಯ ನಿಯಂತ್ರಣ ಮಂಡಳಿ ಎಲ್ಲ ಅಲ್ಲಿವೆ. ಅವುಗಳ ನಡುವೆ ನಾಬಾರ್ಡ್ ಅಂದರೆ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕಿನ ಕೇಂದ್ರ ಕಚೇರಿಯೂ ಇದೆ. ಸ್ಟೇಷನ್ನಿನಿಂದ ಶೇರ್ ಆಟೊ ಹತ್ತಿದರೆ ಸ್ವಲ್ಪ ಹೊತ್ತಿನ ದಾರಿ. ವರ್ಷಗಟ್ಟಲೆ ಅದರ ಮುಂದೆ ಓಡಾಡಿದ್ದೇನೆ. ಒಂದು ದಿನವೂ "ನಮ್ಮ ಹೊಲಕ್ಕೂ ಈ ಕಟ್ಟಡಕ್ಕೂ ಏನು ಸಂಬಂಧ" ಅಂತ ಕೇಳಿಕೊಂಡಿರಲಿಲ್ಲ.

ಸಂಬಂಧ ಬಹಳ ಇದೆ. ಹಳ್ಳಿಯ ಟ್ರ್ಯಾಕ್ಟರಿನ ಚರಿತ್ರೆ ಅಂದರೆ ಯಂತ್ರದ ಚರಿತ್ರೆ ಅಂತ ನಾವು ತಿಳಿಯುತ್ತೇವೆ. ಅರ್ಧ ಮಾತ್ರ ನಿಜ. ಇನ್ನರ್ಧ ಸಾಲದ ಚರಿತ್ರೆ. ಆ ಎರಡೂ ಚರಿತ್ರೆಗಳ ಒಂದು ಕೊನೆ ಮುಂಬೈಯಲ್ಲಿದೆ.

ನಲವತ್ತು ನೇಗಿಲು, ಎರಡು ವರ್ಷ

ಟ್ರ್ಯಾಕ್ಟರಿಗಿಂತ ಮೊದಲು ಕಬ್ಬಿಣದ ನೇಗಿಲಿನ ಕಥೆ ಹೇಳಬೇಕು. ನಮ್ಮ ಕಡೆ ರಂಟಿ ಅಂತೀವಿ. ಅದನ್ನು ಮಾಡಿದವರು ನಮ್ಮ ಸೀಮೆಯವರೇ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಚಿತ್ರಕಲೆ ಕಲಿಯಬೇಕು ಅಂತ ಮುಂಬೈಗೆ ಬಂದು ಜೆ.ಜೆ. ಕಲಾಶಾಲೆ ಸೇರಿದರು. ಬಣ್ಣ ಗುರುತಿಸುವುದರಲ್ಲಿ ಕಣ್ಣಿಗೆ ದೋಷ ಇತ್ತು. ಹಾಗಾಗಿ ಬಣ್ಣ ಬಿಟ್ಟು ಯಂತ್ರಗಳ ನಕಾಶೆ ಬರೆಯುವುದನ್ನು ಕಲಿತರು. ಮುಂದೆ ಮುಂಬೈಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸುವ ಮೇಷ್ಟ್ರಾದರು. ಜೊತೆಗೆ ಒಂದು ಸಣ್ಣ ವ್ಯಾಪಾರ ಇತ್ತು. ಇವರು ಮುಂಬೈಯಲ್ಲಿ ಸೈಕಲ್ ಕೊಂಡು ಬೆಳಗಾವಿಗೆ ಕಳಿಸೋದು, ಅಲ್ಲಿ ಅಣ್ಣ ಅದನ್ನು ಮಾರೋದು.

ಬಡ್ತಿ ಸಿಗಬೇಕಾದಾಗ ಸಿಗಲಿಲ್ಲ. ಕೆಲಸ ಬಿಟ್ಟು ಬೆಳಗಾವಿಗೆ ಹೋದರು. ಮೊದಲು ಮೇವು ಕತ್ತರಿಸುವ ಯಂತ್ರ ಮಾಡಿದರು, ಆಮೇಲೆ ಕಬ್ಬಿಣದ ನೇಗಿಲು. ಆದರೆ ಕೊಳ್ಳುವವರೇ ಇಲ್ಲ! ಕಬ್ಬಿಣ ತಾಗಿದರೆ ನೆಲಕ್ಕೆ ವಿಷ ಆಗುತ್ತದೆ ಅನ್ನುವ ಭಯ ರೈತರಿಗೆ. ಮೊದಲ ನಲವತ್ತು ನೇಗಿಲು ಮಾರಾಟ ಆಗಲಿಕ್ಕೆ ಎರಡು ವರ್ಷ ಹಿಡಿಯಿತು. 1910ರಲ್ಲಿ ಕಾರ್ಖಾನೆಯ ಜಾಗ ಬಿಡಬೇಕಾಗಿ ಬಂದು, ಔಂಧದ ರಾಜರು ಕೊಟ್ಟ ನೆಲಕ್ಕೆ ಹೋದರು. ಅದೇ ಕಿರ್ಲೋಸ್ಕರವಾಡಿ.

ಇಲ್ಲಿ ಒಂದು ಮಾತು ಗಮನಿಸಿ. ಆ ರೈತರನ್ನು ಮೂಢರು ಅಂತ ನಗುವುದು ಸುಲಭ. ಆದರೆ ಅವರು ತಮ್ಮ ಕೈಯಿಂದ ರೊಕ್ಕ ಕೊಟ್ಟು ಕೊಳ್ಳಬೇಕಿತ್ತು. ಯಾರೂ ಸಾಲ ಕೊಡುತ್ತಿರಲಿಲ್ಲ. ಹಾಗಾಗಿ ಎರಡು ವರ್ಷ ನೋಡಿದರು, ಪಕ್ಕದವನ ಹೊಲದಲ್ಲಿ ಕರಿಕೆ ಬೇರು ಎದ್ದು ಬರುವುದನ್ನು ಕಂಡರು, ಆಮೇಲೆ ಕೊಂಡರು. ಒಮ್ಮೆ ನಂಬಿಕೆ ಬಂದ ಮೇಲೆ ನಮ್ಮ ಎರೆಭೂಮಿಯಲ್ಲಿ ಕಬ್ಬಿಣದ ರಂಟಿ ಇಲ್ಲದ ಮನೆ ಉಳಿಯಲಿಲ್ಲ. ನಮ್ಮ ಅಜ್ಜನ ರಂಟಿ ಇವತ್ತಿಗೂ ದನದ ಕೊಟ್ಟಿಗೆಯ ಮೂಲೆಯಲ್ಲಿದೆ. ಅದರ ಮೇಲೆ ಒಂದು ರೂಪಾಯಿ ಸಾಲ ಇರಲಿಲ್ಲ.

ಸಾಲ ಹಳ್ಳಿಗೆ ಬಂದ ದಾರಿ

ಆಗ ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಎಲ್ಲ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದವು. 1956ರ ನವೆಂಬರ್ 1ರವರೆಗೂ ನಮ್ಮ ರಾಜಧಾನಿ ಮುಂಬೈಯೇ. 1904ರಲ್ಲಿ ಸಹಕಾರಿ ಕಾಯ್ದೆ ಬಂತು. ಮರುವರ್ಷ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಸಹಕಾರಿ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಅದೊಂದು. ಸಾಹುಕಾರನ ಬಡ್ಡಿಯಿಂದ ಬಿಡಿಸಿಕೊಳ್ಳಬೇಕು ಅನ್ನುವುದು ಅದರ ಗುರಿ.

ಆದರೂ ದಾರಿ ದೂರ ಇತ್ತು. ಸ್ವಾತಂತ್ರ್ಯ ಬಂದ ಮೇಲೆ ರಿಸರ್ವ್ ಬ್ಯಾಂಕು ದೇಶದಾದ್ಯಂತ ಗ್ರಾಮೀಣ ಸಾಲದ ಸಮೀಕ್ಷೆ ಮಾಡಿಸಿತು. 1951-52ರ ಲೆಕ್ಕದಂತೆ ರೈತರ ಸಾಲದಲ್ಲಿ ಸಹಕಾರಿ ಸಂಘಗಳ ಪಾಲು ನೂರಕ್ಕೆ ಮೂರರಷ್ಟು ಮಾತ್ರ. ವಾಣಿಜ್ಯ ಬ್ಯಾಂಕುಗಳದ್ದು ಒಂದೂ ಇಲ್ಲ. ಉಳಿದದ್ದರಲ್ಲಿ ಬಹುಪಾಲು ಸಾಹುಕಾರ, ವ್ಯಾಪಾರಿ, ನೆಂಟರಿಷ್ಟರದು.

ದೀರ್ಘಾವಧಿ ಸಾಲಕ್ಕೆ, ಅಂದರೆ ಬಾವಿ, ಪಂಪು, ಟ್ರ್ಯಾಕ್ಟರಿನಂಥ ದೊಡ್ಡ ಖರ್ಚಿಗೆ, ಹಿಂದಿನಿಂದ ಹಣ ಒದಗಿಸಲು 1963ರಲ್ಲಿ ಕೃಷಿ ಪುನರ್ಧನ ನಿಗಮ ಹುಟ್ಟಿತು. ಪುನರ್ಧನ ಅಂದರೆ ಇಷ್ಟೇ: ಊರಿನ ಭೂ ಅಡಮಾನ ಬ್ಯಾಂಕು ರೈತನಿಗೆ ಸಾಲ ಕೊಡುತ್ತದೆ, ಆ ಬ್ಯಾಂಕಿಗೆ ನಿಗಮ ಹಣ ಕೊಡುತ್ತದೆ. ರೈತನಿಗೆ ನಿಗಮದ ಹೆಸರೂ ಗೊತ್ತಿರುವುದಿಲ್ಲ. 1970ರ ದಶಕದ ಆರಂಭದಲ್ಲಿ ವಿಶ್ವಬ್ಯಾಂಕಿನ ಹಣವೂ ಇದೇ ದಾರಿಯಲ್ಲಿ ಬಂತು. ಪಂಜಾಬ್, ಗುಜರಾತ್‌ಗಳಂತೆ ನಮ್ಮ ಆಗಿನ ಮೈಸೂರು ರಾಜ್ಯಕ್ಕೂ ಬಂತು. 1982ರ ಜುಲೈ 12ರಂದು ಆ ನಿಗಮದ ಕೆಲಸ ಮತ್ತು ರಿಸರ್ವ್ ಬ್ಯಾಂಕಿನ ಕೃಷಿ ಸಾಲದ ಕೆಲಸ ಎರಡನ್ನೂ ಸೇರಿಸಿ ಮಾಡಿದ್ದೇ ನಾಬಾರ್ಡ್.

ಕಾಂದಿವಲಿಯ ಬಿ-275

ಈಗ ಯಂತ್ರದ ಕಡೆ ಬರೋಣ. 1951ರಲ್ಲಿ ಇಡೀ ದೇಶದಲ್ಲಿ ಇದ್ದ ಟ್ರ್ಯಾಕ್ಟರುಗಳು ಒಂಬತ್ತು ಸಾವಿರದ ಒಳಗೆ. ಎಲ್ಲವೂ ಹೊರದೇಶದವು. ವಿಶ್ವಬ್ಯಾಂಕು ಭಾರತಕ್ಕೆ ಕೊಟ್ಟ ಮೊದಲ ಸಾಲ ರೈಲಿಗೆ, 1949ರಲ್ಲಿ. ಅದೇ ವರ್ಷ ಕೊಟ್ಟ ಎರಡನೆಯದು ಒಂದು ಕೋಟಿ ಡಾಲರ್, ಟ್ರ್ಯಾಕ್ಟರಿಗೆ! ಮಧ್ಯಭಾರತದ ಕರಿಮಣ್ಣಿನಲ್ಲಿ ಕಾನ್ಸ್ ಅನ್ನುವ ಆಳಬೇರಿನ ಹುಲ್ಲು ಲಕ್ಷಾಂತರ ಎಕರೆ ನುಂಗಿತ್ತು. ಎತ್ತಿನ ನೇಗಿಲು ಅದರ ಬೇರು ಮುಟ್ಟುತ್ತಿರಲಿಲ್ಲ. ಅದನ್ನು ಕೀಳಲು ಸರ್ಕಾರದ ಕೇಂದ್ರೀಯ ಟ್ರ್ಯಾಕ್ಟರ್ ಸಂಘಟನೆ ದೊಡ್ಡ ಯಂತ್ರಗಳನ್ನು ಇಳಿಸಿತು. ಅಂದರೆ ಆಗ ಟ್ರ್ಯಾಕ್ಟರ್ ಒಬ್ಬ ರೈತನ ಸೊತ್ತಲ್ಲ, ಸರ್ಕಾರ ತಂದು ಹೊಡೆದುಕೊಟ್ಟು ಹೋಗುವ ವಸ್ತು.

ದೇಶದಲ್ಲೇ ಟ್ರ್ಯಾಕ್ಟರ್ ಮಾಡುವ ಕೆಲಸ 1959ರಲ್ಲಿ ಫರೀದಾಬಾದಿನ ಐಷರ್‌ನಿಂದ ಶುರುವಾಯಿತು. ಮದ್ರಾಸಿನಲ್ಲಿ ಟಾಫೆ ಬಂತು. ಮುಂಬೈಯಲ್ಲಿ 1963ರಲ್ಲಿ ಮಹೀಂದ್ರ, ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮತ್ತು ವೋಲ್ಟಾಸ್ ಮೂವರೂ ಕೂಡಿ ಒಂದು ಕಂಪನಿ ಮಾಡಿದರು. ಕಾರ್ಖಾನೆ ಕಾಂದಿವಲಿಯಲ್ಲಿ. ಬಾಂದ್ರಾದಲ್ಲಿ ಬೊರಿವಲಿ ಕಡೆಯ ಲೋಕಲ್ ಹಿಡಿದರೆ ಮಲಾಡ್ ಆದ ಮೇಲೆ ಕಾಂದಿವಲಿ. 1965ರಲ್ಲಿ ಅಲ್ಲಿಂದ ಹೊರಬಂದದ್ದು ಬಿ-275, ಮೂವತ್ತೈದು ಅಶ್ವಶಕ್ತಿಯ ಆಸುಪಾಸಿನದು. ಇಂಗ್ಲೆಂಡಿನ ಬ್ರಾಡ್‌ಫೋರ್ಡಿನಲ್ಲಿ ತಯಾರಾಗುತ್ತಿದ್ದ ಮಾದರಿ ಅದು. 1977ರಲ್ಲಿ ಆ ಕಂಪನಿ ಮಹೀಂದ್ರದೊಳಗೆ ಸೇರಿತು.

ವಿಚಿತ್ರ ನೋಡಿ. ವಿದ್ಯೆ ಕೊಟ್ಟ ಅಮೆರಿಕದ ಕಂಪನಿ 1980ರ ದಶಕದಲ್ಲಿ, ಅಲ್ಲಿಯ ರೈತರು ಸಾಲದಲ್ಲಿ ಮುಳುಗಿದ ಕಾಲದಲ್ಲಿ, ತಾನೂ ನಷ್ಟಕ್ಕೆ ಬಿದ್ದು ಕೃಷಿಯಂತ್ರದ ವಿಭಾಗವನ್ನೇ ಮಾರಿತು. ಅದರ ಹೆಸರಿನ ಸಂಖ್ಯೆ 275 ಮಾತ್ರ ನಮ್ಮ ಹಳ್ಳಿಗಳಲ್ಲಿ ಉಳಿಯಿತು. ಕಾಂದಿವಲಿಯಲ್ಲಿ ಶುರುವಾದ ಕಂಪನಿ ಇವತ್ತು ಸಂಖ್ಯೆಯ ಲೆಕ್ಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಟ್ರ್ಯಾಕ್ಟರ್ ಮಾರುವುದು.

ಆದರೆ 1970ರ ದಶಕದಲ್ಲಿ ಟ್ರ್ಯಾಕ್ಟರ್ ಸಿಗುವುದೇ ಕಷ್ಟ ಇತ್ತು. ಬೇಡಿಕೆ ಬಹಳ, ತಯಾರಿಕೆ ಕಡಿಮೆ. ಹೆಸರು ಬರೆಸಿ ಕಾಯಬೇಕು. ಮಾರಾಟ, ಹಂಚಿಕೆಯ ಮೇಲೆ ಸರ್ಕಾರದ ನಿಯಂತ್ರಣ. ರಷ್ಯಾ, ಜೆಕೊಸ್ಲೊವಾಕಿಯಾ, ರುಮೇನಿಯಾಗಳಿಂದ ಬಂದದ್ದನ್ನು ರಾಜ್ಯಗಳ ಕೃಷಿ ಕೈಗಾರಿಕಾ ನಿಗಮಗಳು ಹಂಚುತ್ತಿದ್ದವು. ನಮ್ಮ ಬೆಂಗಳೂರಿನ ಎಚ್‌ಎಂಟಿ ಕೂಡ ಜೆಕ್ ವಿದ್ಯೆ ತಂದು ಪಿಂಜೋರಿನಲ್ಲಿ ಟ್ರ್ಯಾಕ್ಟರ್ ಮಾಡತೊಡಗಿತು. ಬೆಂಗಳೂರಿನ ವಿಎಸ್‌ಟಿ ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ಗದ್ದೆಗೆ ಹೊಂದುವ ಪವರ್ ಟಿಲ್ಲರ್ ತಂದಿತು. ಕಾದು ಸಿಗುವ ವಸ್ತುವಿಗೆ ಮರ್ಯಾದೆ ಜಾಸ್ತಿ. ಪಾಳಿಯಲ್ಲಿ ಹೆಸರು ಬಂದಾಗ "ಈಗ ಬ್ಯಾಡ" ಅನ್ನುವವರು ಯಾರು?

ನಮ್ಮ ಕಾಕಾ

ನಮ್ಮ ಕಾಕಾ "ಬ್ಯಾಡ" ಅನ್ನಲಿಲ್ಲ. ವರ್ಷ 1974. ಆಗ ಅವರ ಪಾಲಿಗೆ ಹತ್ತು ಎಕರೆ. ಯಾವ ಕಂಪನಿಯ ಟ್ರ್ಯಾಕ್ಟರ್, ಯಾವ ಬ್ಯಾಂಕು ಅಂತ ನಾನು ಹೇಳುವುದಿಲ್ಲ. ಯಾಕೆಂದರೆ ತಪ್ಪು ಯಂತ್ರದ್ದಲ್ಲ. ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಎದ್ದಿತ್ತು. ಎಲ್ಲರ ಬಾಯಲ್ಲೂ ಕಾಲುವೆಯ ಮಾತು. ಕಾಕಾ ನೀರು ಬರುವ ಮೊದಲೇ ನೀರಾವರಿಯ ಲೆಕ್ಕ ಹಾಕಿಬಿಟ್ಟರು. ಎರಡು ಬೆಳೆ, ಹತ್ತಿ, ಗೋವಿನಜೋಳ, ಮೂರು ವರ್ಷದಲ್ಲಿ ಸಾಲ ಚುಕ್ತಾ.

ಹೊಸ ಟ್ರ್ಯಾಕ್ಟರ್ ಊರಿಗೆ ಬಂದ ದಿನದ ಫೋಟೊ ಇದೆ. ಬಾನೆಟ್ಟಿನ ಮೇಲೆ ಚೆಂಡುಹೂವಿನ ಮಾಲೆ, ಗಾಲಿಯ ಕೆಳಗೆ ನಿಂಬೆಹಣ್ಣು, ಸೀಟಿನ ಮೇಲೆ ಕಾಕಾ, ಮಡ್‌ಗಾರ್ಡಿನ ಮೇಲೆ ಊರ ಹುಡುಗರೆಲ್ಲ. ಅದೇ ವಾರ ಎರಡು ಜೊತೆ ಎತ್ತುಗಳಲ್ಲಿ ಒಂದನ್ನು ಸಂತೆಗೆ ಹೊಡೆದರು. ಮರುವರ್ಷ ಇನ್ನೊಂದನ್ನು. ಅಜ್ಜ ಒಂದೇ ಮಾತು ಅಂದರಂತೆ: "ಎತ್ತು ನಿಂತ್ರ ಮೇವು ತಿಂತದ, ಸಗಣಿ ಕೊಡತದ. ಇದು ನಿಂತ್ರ ಏನು ಕೊಡತದೋ?" ಯಾರೂ ಉತ್ತರ ಕೊಡಲಿಲ್ಲ.

ಮೊದಲ ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಊರಿನವರ ಹೊಲ ಹೊಡೆದರು. ಭಾರತ ಹುಣ್ಣಿಮೆಗೆ ಟ್ರೇಲರ್ ತುಂಬ ಜನರನ್ನು ಯಲ್ಲಮ್ಮನ ಗುಡ್ಡಕ್ಕೆ ಒಯ್ದರು. ಆಮೇಲೆ ಊರಿಗೆ ಇನ್ನೂ ಮೂರು ಟ್ರ್ಯಾಕ್ಟರ್ ಬಂದವು. ಬಾಡಿಗೆ ಕೆಲಸ ನಾಲ್ಕು ಪಾಲಾಯಿತು. ಡ್ರೈವರ್ ಇಟ್ಟಿದ್ದರು. ಅವನಿಗೆ ಓಡಿಸಲು ಬರುತ್ತಿತ್ತು, ನೋಡಿಕೊಳ್ಳಲು ಬರುತ್ತಿರಲಿಲ್ಲ. ಆ ಕಾಲದ ಟ್ರ್ಯಾಕ್ಟರಿನಲ್ಲಿ ಗಾಳಿ ಸೋಸಲಿಕ್ಕೆ ಎಣ್ಣೆಯ ಬಟ್ಟಲು ಇರುತ್ತದೆ. ಧೂಳು ಎಣ್ಣೆಗೆ ಹತ್ತಿಕೊಂಡು ತಳಕ್ಕೆ ಇಳಿಯುತ್ತದೆ. ನಮ್ಮ ಎರೆಮಣ್ಣಿನ ಬೇಸಿಗೆ ಧೂಳಿನಲ್ಲಿ ಅದನ್ನು ದಿನಾ ಬಿಚ್ಚಿ ನೋಡಬೇಕು, ಕೆಸರಾಗಿದ್ದರೆ ಎಣ್ಣೆ ಬದಲಿಸಬೇಕು. ಹತ್ತು ನಿಮಿಷದ ಕೆಲಸ. ತಿಂಗಳುಗಟ್ಟಲೆ ಯಾರೂ ನೋಡಲಿಲ್ಲ. ಧೂಳು ನೇರ ಸಿಲಿಂಡರಿಗೆ ಹೋಯಿತು. ಪಿಸ್ಟನ್, ರಿಂಗು, ಲೈನರ್ ತಿಂದುಹೋದವು. ಹೊಗೆ ಶುರುವಾಯಿತು, ಎಣ್ಣೆ ಕುಡಿಯತೊಡಗಿತು. ನಾಲ್ಕನೇ ವರ್ಷಕ್ಕೇ ಎಂಜಿನ್ ಬಿಚ್ಚಬೇಕಾಯಿತು. ಆ ಖರ್ಚಿಗೆ ಸಾಹುಕಾರನ ಹತ್ತಿರ ಇನ್ನೊಂದು ಸಾಲ. ಬ್ಯಾಂಕಿನ ಕಂತು ತಪ್ಪಿತು.

ಉತಾರದಲ್ಲಿ ಬೋಜಾ ಕೂತಿತ್ತು. ನಮ್ಮ ಕಡೆಯವರಿಗೆ ಈ ಮಾತು ಗೊತ್ತು. ಬೇರೆ ಸೀಮೆಯವರಿಗೆ ಹೇಳುತ್ತೇನೆ: ಉತಾರ ಅಂದರೆ ಪಹಣಿ, ಬೋಜಾ ಅಂದರೆ ಅದರ ಮೇಲೆ ಬರೆದ ಸಾಲದ ಹೊರೆ. 1983ರಲ್ಲಿ ನಾಲ್ಕು ಎಕರೆ ಮಾರಿ ಬೋಜಾ ಇಳಿಸಿದರು. ಟ್ರ್ಯಾಕ್ಟರ್ ಗುಜರಿಗೆ ಹೋಯಿತು. ಚಿಗವ್ವ ಇವತ್ತಿಗೂ ಆ ನಾಲ್ಕು ಎಕರೆಯ ದಾರಿ ಹಿಡಿಯುವುದಿಲ್ಲ. ಸುತ್ತು ಹಾಕಿ ಹೋಗುತ್ತಾಳೆ.

ನರಗುಂದ, 1980

ಇದು ನಮ್ಮೊಬ್ಬರ ಮನೆಯ ಕಥೆ ಅಲ್ಲ. ಅದೇ ವರ್ಷಗಳಲ್ಲಿ ಮಲಪ್ರಭೆಯ ಅಚ್ಚುಕಟ್ಟಿನ ರೈತರ ಮೇಲೆ ಅಭಿವೃದ್ಧಿ ಕರ ಬಿತ್ತು. ನೀರಾವರಿಯಿಂದ ಭೂಮಿಯ ಬೆಲೆ ಏರಿದೆ, ಅದಕ್ಕೆ ಕರ ಕೊಡಿ ಅಂತ. ಹಲವರ ಹೊಲಕ್ಕೆ ನೀರು ಸರಿಯಾಗಿ ಬಂದಿರಲಿಲ್ಲ. ಬೆಳೆದ ಬೆಳೆಗೆ ಬೆಲೆ ಇರಲಿಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಬೀದಿಗೆ ಇಳಿದರು. ಗೋಲಿಬಾರ್ ಆಯಿತು. ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಪ್ರಾಣ ಕಳೆದುಕೊಂಡರು. ಇವತ್ತಿಗೂ ಜುಲೈ 21 ರೈತ ಹುತಾತ್ಮರ ದಿನ.

ಆ ಕಿಡಿಯಿಂದಲೇ ಕರ್ನಾಟಕ ರಾಜ್ಯ ರೈತ ಸಂಘ ಬೆಳೆಯಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಅವರ ಮುಂದಾಳತ್ವ. ಸಾಲ ವಸೂಲಿಗೆ ಬರುವ ಅಧಿಕಾರಿಗಳು ಅನುಮತಿ ಇಲ್ಲದೆ ಊರೊಳಗೆ ಬರಕೂಡದು ಅಂತ ಹಳ್ಳಿಗಳ ಬಾಗಿಲಲ್ಲಿ ಬೋರ್ಡು ಬಿದ್ದವು. ಜಪ್ತಿ ಮಾಡಿ ಒಯ್ದ ಸಾಮಾನನ್ನು ರೈತರು ಗುಂಪಾಗಿ ಹೋಗಿ ವಾಪಸ್ ತಂದರು. ಅದಕ್ಕೆ ಮರುಜಪ್ತಿ ಅಂತಲೇ ಹೆಸರು. "ರೈತ ಸಾಲಗಾರನಲ್ಲ, ಸರ್ಕಾರವೇ ಬಾಕಿದಾರ" ಅನ್ನುವುದು ಅವರ ವಾದ. ಬೆಳೆಗೆ ಕಡಿಮೆ ಬೆಲೆ ಕೊಟ್ಟು ಸರ್ಕಾರ ಉಳಿಸಿಕೊಂಡದ್ದೇ ಸಾಲಕ್ಕಿಂತ ಹೆಚ್ಚು ಅಂತ.

ನಮ್ಮ ಕಾಕಾ ಆ ಜುಲೈಯಲ್ಲಿ ನವಲಗುಂದಕ್ಕೆ ಹೋಗಿದ್ದರು. ಟ್ರ್ಯಾಕ್ಟರಿನಲ್ಲಲ್ಲ, ನಡೆದುಕೊಂಡು. ಡೀಸೆಲ್ಲಿಗೆ ರೊಕ್ಕ ಇರಲಿಲ್ಲ.

ಸಾವಿರ ಗಂಟೆಯ ಲೆಕ್ಕ

ಈಗ ಆ ಕಟ್ಟಡದ ಕಡೆ ಮತ್ತೆ ಬರೋಣ. ಬಹಳ ವರ್ಷ ಬ್ಯಾಂಕುಗಳು ಟ್ರ್ಯಾಕ್ಟರ್ ಸಾಲಕ್ಕೆ ಇಟ್ಟುಕೊಂಡಿದ್ದ ನಾಬಾರ್ಡಿನ ಅಳತೆಗೋಲು ಹೀಗಿತ್ತು: ಮೂವತ್ತೈದು ಅಶ್ವಶಕ್ತಿ ಮೇಲ್ಪಟ್ಟ ಟ್ರ್ಯಾಕ್ಟರಿಗೆ ಕಡಿಮೆ ಅಂದರೂ ಎಂಟು ಎಕರೆ, ಅದೂ ವರ್ಷವಿಡೀ ನೀರಿರುವ ಭೂಮಿ. ವರ್ಷಕ್ಕೆ ಸಾವಿರ ಗಂಟೆ ಕೆಲಸ. ಸಾಲ ತೀರಿಸಲು ಒಂಬತ್ತು ವರ್ಷದವರೆಗೆ ಅವಕಾಶ.

ಇದನ್ನು ಓದಿದಾಗ ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ನೀವೇ ಲೆಕ್ಕ ಹಾಕಿ. ಎಂಟು ಎಕರೆಯನ್ನು ನೇಗಿಲಲ್ಲಿ ಒಮ್ಮೆ ಆಳವಾಗಿ ಹೊಡೆಯಲು ಎಕರೆಗೆ ಎರಡೂವರೆ ಗಂಟೆಯಂತೆ 20 ಗಂಟೆ. ಕಲ್ಟಿವೇಟರ್ ಎರಡು ಸಲ, ಎಕರೆಗೆ ಒಂದು ಗಂಟೆಯಂತೆ 16. ರೋಟವೇಟರ್ ಒಮ್ಮೆ, ಎಕರೆಗೆ ಒಂದೂವರೆಯಂತೆ 12. ಬಿತ್ತನೆಗೆ 8. ಒಟ್ಟು 56. ಎರಡನೇ ಬೆಳೆಗೆ ನೇಗಿಲು ಬಿಟ್ಟು ಉಳಿದದ್ದು ಇನ್ನೊಮ್ಮೆ ಅಂದರೆ 36. ಎಲ್ಲ ಸೇರಿ 92. ಗೊಬ್ಬರ ಹೊರುವುದು, ಮಾಲು ಸಾಗಿಸುವುದು ಸೇರಿಸಿ 120 ಅನ್ನಿ. ಉಳಿದ 880 ಗಂಟೆ?

ಆ 880 ಗಂಟೆ ಬೇರೆಯವರ ಹೊಲದಲ್ಲಿ, ಇಲ್ಲಾ ರಸ್ತೆಯ ಮೇಲೆ ಕಬ್ಬು, ಮರಳು, ಇಟ್ಟಿಗೆ ಹೊತ್ತು ದುಡಿಯಬೇಕು. ಅಂದರೆ ಟ್ರ್ಯಾಕ್ಟರ್ ಸಾಲ ತಗೊಂಡವನು ಒಕ್ಕಲಿಗನಾಗಿ ಸಾಲ ತೀರಿಸುವುದಿಲ್ಲ, ಬಾಡಿಗೆ ವ್ಯವಹಾರಸ್ಥನಾಗಿ ತೀರಿಸುತ್ತಾನೆ. ಲೆಕ್ಕದಲ್ಲೇ ಅದು ಇತ್ತು. ನಮ್ಮ ಕಾಕಾನಿಗೆ ಯಾರೂ ಬಿಡಿಸಿ ಹೇಳಲಿಲ್ಲ, ಅವರೂ ಕೇಳಲಿಲ್ಲ. ಊರಿಗೆ ನಾಲ್ಕನೆಯ ಟ್ರ್ಯಾಕ್ಟರ್ ಬಂದ ದಿನವೇ ಅವರ ಸಾಲ ಮುಳುಗಿತ್ತು. ಎಂಜಿನ್ ಕೆಟ್ಟದ್ದು ಆಮೇಲೆ.

ಪಂಡಿತರೂ ಇದನ್ನು ಆಗಲೇ ಕಂಡಿದ್ದರು. 1975ರಲ್ಲಿ ವಿಶ್ವಬ್ಯಾಂಕಿನವರೇ ಪಾಕಿಸ್ತಾನದಲ್ಲಿ ತಾವು ಸಾಲ ಕೊಟ್ಟ ಟ್ರ್ಯಾಕ್ಟರುಗಳ ಪರಿಣಾಮ ನೋಡಿಸಿದರು. ಟ್ರ್ಯಾಕ್ಟರ್ ಕೊಂಡವರ ಹಿಡುವಳಿ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು, ಗೇಣಿದಾರರು ಹೊರಬಿದ್ದಿದ್ದರು. 1978ರಲ್ಲಿ ಹ್ಯಾನ್ಸ್ ಬಿನ್ಸ್‌ವಾಂಗರ್ ಅನ್ನುವ ಅರ್ಥಶಾಸ್ತ್ರಜ್ಞ ದಕ್ಷಿಣ ಏಷ್ಯಾದ ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ. ಟ್ರ್ಯಾಕ್ಟರ್ ಬಂದ ಮಾತ್ರಕ್ಕೆ ಇಳುವರಿ ದೊಡ್ಡದಾಗಿ ಏರುವುದಿಲ್ಲ, ಅದು ಮುಖ್ಯವಾಗಿ ಎತ್ತು ಮತ್ತು ಆಳಿನ ಜಾಗಕ್ಕೆ ಬರುತ್ತದೆ ಅಂದ. ಅಂದರೆ ಎತ್ತು, ಆಳು ಅಗ್ಗ ಇರುವ ಕಡೆ ಅದು ಲಾಭ ತರುವುದು ಕಷ್ಟ. 1974ರ ನಮ್ಮೂರು ಅಂಥ ಊರೇ ಆಗಿತ್ತು.

ತಮ್ಮನ ಉತ್ತರ

ಇಷ್ಟೆಲ್ಲ ಹಿಡಿದುಕೊಂಡು ಫೋನ್ ಮಾಡಿದೆ. ಅರ್ಧ ಗಂಟೆ ಭಾಷಣ ಕೊಟ್ಟೆ ಅನ್ನಿ. ಕೊನೆಗೆ "ಬಾಡಿಗಿ ಟ್ರ್ಯಾಕ್ಟರ್ ತಗೊಂಡು ಹೊಡಿ ತಮ್ಮಾ, ಹೋಬಳಿಯೊಳಗ ಕೃಷಿ ಯಂತ್ರಧಾರೆ ಕೇಂದ್ರನೂ ಅದ" ಅಂದೆ. ಯಂತ್ರಧಾರೆ ಅಂದರೆ 2014-15ರಿಂದ ಕರ್ನಾಟಕ ಸರ್ಕಾರ ತೆರೆಸಿದ ಬಾಡಿಗೆ ಯಂತ್ರದ ಕೇಂದ್ರಗಳು.

ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಅಂದ: "ಅಣ್ಣಾ, ನೀ ಹೇಳೂದು ಖರೆ. ಆದ್ರ ಮಳಿ ಬಿದ್ದು ಎರಿ ಹದಕ್ಕ ಬರೂದು ನಾಕು ದಿನ. ಆ ನಾಕು ದಿನ ಊರಾಗ ಎಲ್ಲಾರಿಗೂ ಟ್ರ್ಯಾಕ್ಟರ್ ಬೇಕು. ನನ್ನ ಪಾಳಿ ಬರೂದ್ರಾಗ ನೆಲಾ ಕಲ್ಲಾಗಿರತದ. ಹೋದ ಸಲ ಹೆಸರು ಬಿತ್ತೂದ ತಪ್ಪಿತು. ಎತ್ತು ಕಟ್ಟೂಣ ಅಂದ್ರ ನೋಡಾವ್ರು ಯಾರು?"

ನಾನು ಸುಮ್ಮನಾದೆ. ಎರೆಭೂಮಿಯವರಿಗೆ ಇದು ಗೊತ್ತು. ಹಸಿ ಇದ್ದಾಗ ಗಾಲಿಗೆ ಹತ್ತಿಕೊಳ್ಳುತ್ತದೆ, ಒಣಗಿದರೆ ನೇಗಿಲು ಇಳಿಯುವುದಿಲ್ಲ. ನಡುವೆ ಕೆಲವೇ ದಿನ ಹದ. ಬ್ಯಾಂಕಿನ ಸಾವಿರ ಗಂಟೆಯ ಲೆಕ್ಕದಲ್ಲಿ ಹದಕ್ಕೆ ಬೆಲೆ ಇಲ್ಲ. ನನ್ನ ಲೆಕ್ಕದಲ್ಲೂ ಇರಲಿಲ್ಲ. 1974ರಲ್ಲಿ ಊರಿನಲ್ಲಿ ಮನೆಗೊಂದು ಜೊತೆ ಎತ್ತು ಇತ್ತು, ಹದಕ್ಕೆ ಕಾಯುವವರಿದ್ದರು. ಇವತ್ತು ಎತ್ತೂ ಇಲ್ಲ, ಆಳೂ ಇಲ್ಲ. ಕಾಕಾನ ಕಾಲಕ್ಕೆ ತಪ್ಪಾದದ್ದು ಇವನ ಕಾಲಕ್ಕೂ ತಪ್ಪೇ ಆಗಬೇಕಿಲ್ಲ. ಚರಿತ್ರೆ ಓದುವವರು ಈ ತಪ್ಪನ್ನು ಮಾಡುತ್ತೇವೆ, ಹಳೆಯ ಉತ್ತರವನ್ನು ಹೊಸ ಪ್ರಶ್ನೆಗೆ ಅಂಟಿಸುವುದು.

ಹಾಗಾದರೆ ಏನು ಮಾಡಿದೆವು? ಅವನು ಮತ್ತು ಪಕ್ಕದ ಹೊಲದ ಇಬ್ಬರು, ಮೂವರೂ ಕೂಡಿ ಒಂದು ಟ್ರ್ಯಾಕ್ಟರ್. ಹೊಸದಲ್ಲ, ಹಳೆಯದು. ಮೂವರದ್ದೂ ಸೇರಿ ಇಪ್ಪತ್ತೊಂದು ಎಕರೆ. ಹದದ ದಿನಗಳಲ್ಲಿ ಮೊದಲು ಮೂವರ ಹೊಲ, ಪಾಳಿ ವರ್ಷವರ್ಷ ಬದಲು. ಆಮೇಲೆ ಬಾಡಿಗೆ. ನಾನು ಜಾಮೀನು ನಿಲ್ಲಲಿಲ್ಲ. ಅವನ ಪಾಲಿನ ಹಣದಲ್ಲಿ ಅರ್ಧ ಕೊಟ್ಟೆ. ಉತಾರದ ಮೇಲೆ ಬೋಜಾ ಬೀಳಬಾರದು ಅನ್ನುವುದು ಒಂದೇ ಷರತ್ತು. ಮೂವರ ನಡುವೆ ಜಗಳ ಬರುವುದಿಲ್ಲ ಅಂತ ನಾನು ಹೇಳಲಾರೆ. ಆದರೆ ಜಗಳದಲ್ಲಿ ಹೊಲ ಹೋಗುವುದಿಲ್ಲ.

ಹಳೆಯದು ಕೊಳ್ಳುವವರಿಗೆ ನಾವು ನೋಡಿದ್ದನ್ನು ಹೇಳಿಬಿಡುತ್ತೇನೆ. ಗಂಟೆ ತೋರಿಸುವ ಮೀಟರನ್ನು ಪೂರ್ತಿ ನಂಬಬೇಡಿ, ಬದಲಿಸಿರಬಹುದು. ಕ್ಲಚ್ಚಿನ ಪೆಡಲ್ ಎಷ್ಟು ಸವೆದಿದೆ ನೋಡಿದರೆ ವಯಸ್ಸು ತಿಳಿಯುತ್ತದೆ. ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ. ಬ್ರೀದರ್ ಪೈಪಿನಿಂದ ಹೊಗೆ ಒತ್ತಿ ಬರುತ್ತಿದ್ದರೆ ರಿಂಗು, ಲೈನರ್ ಸವೆದಿವೆ. ಹಿಂದೆ ಭಾರ ಎತ್ತಿಸಿ ಎಂಜಿನ್ ಬಂದ್ ಮಾಡಿ. ಭಾರ ಬೇಗ ಇಳಿದರೆ ಹೈಡ್ರಾಲಿಕ್ ಸೋರುತ್ತಿದೆ. ಏರಿನಲ್ಲಿ ಎಳೆಯುವಾಗ ಗೇರ್ ತಾನಾಗಿ ಬಿದ್ದರೆ ಬಿಟ್ಟುಬನ್ನಿ. ಹಿಂದಿನ ಟೈರಿನ ಬೆಲೆ ಮೊದಲೇ ಕೇಳಿಟ್ಟುಕೊಳ್ಳಿ. ಎಲ್ಲಕ್ಕಿಂತ ಮುಖ್ಯ, ಆರ್‌ಸಿ ಪುಸ್ತಕದಲ್ಲಿ ಹಿಂದಿನವನ ಸಾಲದ ನಮೂದು ರದ್ದಾಗಿದೆಯೇ, ಸಾಲ ಕೊಟ್ಟವರ ನಿರಾಕ್ಷೇಪಣಾ ಪತ್ರ ಇದೆಯೇ ನೋಡದೆ ಒಂದು ರೂಪಾಯಿಯೂ ಕೊಡಬೇಡಿ.

ತಮ್ಮ ಈಗ ಒಂದು ನೋಟ್‌ಬುಕ್ ಇಟ್ಟಿದ್ದಾನೆ. ದಿನ, ಯಾರ ಹೊಲ, ಎಷ್ಟು ಗಂಟೆ, ಎಷ್ಟು ಲೀಟರ್ ಡೀಸೆಲ್. ಕೊನೆಯ ಕಲಮಿನಲ್ಲಿ "ಏರ್ ಕ್ಲೀನರ್ ನೋಡಿದೆ" ಅಂತ ಬರೆದು ಸಹಿ ಹಾಕುತ್ತಾನೆ. ವಾರಕ್ಕೊಮ್ಮೆ ಅದರ ಫೋಟೊ ತೆಗೆದು ನನಗೆ ಕಳಿಸುತ್ತಾನೆ. ಬಾಂದ್ರಾದ ಬಸ್ಸಿನಲ್ಲಿ ನಿಂತುಕೊಂಡು ನಾನು ಅದನ್ನು ಓದುತ್ತೇನೆ. ಚಿಗವ್ವ ಇನ್ನೂ ಆ ಟ್ರ್ಯಾಕ್ಟರಿಗೆ ಪೂಜೆ ಮಾಡಿಲ್ಲವಂತೆ. "ಒಂದು ವರ್ಷ ಹೋಗ್ಲಿ, ನೋಡೂಣ" ಅಂದಿದ್ದಾಳೆ. ನಲವತ್ತು ನೇಗಿಲಿಗೆ ಎರಡು ವರ್ಷ ಕಾದ ಸೀಮೆಯವಳು. ಅವಳು ಹೇಳುವುದು ಸರಿ ಅಂತಲೇ ನನಗೂ ಅನಿಸುತ್ತದೆ.

ನಿಮ್ಮೂರಿಗೆ ಮೊದಲ ಟ್ರ್ಯಾಕ್ಟರ್ ಯಾವ ವರ್ಷ ಬಂತು, ಯಾರ ಮನೆಗೆ, ಆಮೇಲೆ ಆ ಮನೆಯ ಹೊಲ ಹೆಚ್ಚಾಯಿತೋ ಕಡಿಮೆಯಾಯಿತೋ, ಮನೆಯ ಹಿರಿಯರನ್ನು ಕೇಳಿ ಬರೆದು ತಿಳಿಸಿ. ಇಂಥ ಚರಿತ್ರೆ ಕಚೇರಿಯ ಕಡತದಲ್ಲಿ ಸಿಗುವುದು ಅರ್ಧ ಮಾತ್ರ. ಉಳಿದರ್ಧ ನಿಮ್ಮ ಮನೆಯಲ್ಲಿದೆ. ಮುಂದಿನ ವಾರ ಸಿಗೋಣ.